ಒಂದು ಮೊರ ಜೋಳ

ಕರಿಹೊಂಡ ಆರೋಗ್ಯ ಉಪಕೇಂದ್ರ, ಮುದ್ದೇಬಿಹಾಳ ತಾಲೂಕು
೧೭ ಜನವರಿ ೧೯೭೫

ಅಣ್ಣ ಸೋಮನಿಂಗನಿಗೆ ತಿಪ್ಪವ್ವನ ನಮಸ್ಕಾರ.

ನೀನು ತಾಂಬಾದ ಸಾಲೆಯಲ್ಲಿ ಮಕ್ಕಳಿಗೆ ಪತ್ರ ಬರೆಯಲು ಕಲಿಸುವಾಗ ಮೊದಲು ಕ್ಷೇಮ, ಆಮೇಲೆ ಸಮಾಚಾರ ಎನ್ನುತ್ತೀ. ನಾನು ಸಮಾಚಾರದಿಂದಲೇ ಸುರು ಮಾಡುತ್ತೇನೆ. ಕ್ಷೇಮವಿಲ್ಲದಿದ್ದರೆ ಇಷ್ಟುದ್ದ ಬರೆಯಲು ಕೂಡುತ್ತಿರಲಿಲ್ಲ ಎಂದು ನೀನೇ ತಿಳಿದುಕೊ. ಎಳ್ಳಮಾಸಿ ಹಬ್ಬಕ್ಕೆ ಬರಲಿಲ್ಲವೆಂದು ಅವ್ವ ಸಿಟ್ಟಾಗಿದ್ದರೆ ರಜೆ ಸಿಗಲಿಲ್ಲವೆಂದು ಹೇಳು. ನಾನು ರಜೆ ಕೇಳಿರಲಿಲ್ಲ ಎಂಬುದನ್ನು ಹೇಳಬೇಡ.

ಬುಧವಾರ ಮುಂಜಾನೆ ಏಳೂವರೆಗೆ ಲಸಿಕೆಯ ಡಬ್ಬಿ ಹಿಡಿದು ಕೆಳಗಿನ ಓಣಿಗೆ ಹೊರಟಿದ್ದೆ. ಓಣಿಯ ಕೊನೆಗೆ ಒಂದು ತಿಪ್ಪೆ ಇದೆ. ಅದರ ಮೇಲೆ ಹಳೆಯ ಮೊರ, ಮೊರದಲ್ಲಿ ಒಂದು ಕೂಸು. ಹೆಣ್ಣು. ಹುಟ್ಟಿ ಮೂರು ದಿನವಿದ್ದೀತು. ಆಮೇಲೆ ತೂಗಿದೆ, ಎರಡು ಕಿಲೋ ನಾಲ್ಕು ನೂರು ಗ್ರಾಂ. ನನ್ನ ಗರ್ಭಿಣಿಯರ ಪುಸ್ತಕದಲ್ಲಿ ಈ ತಿಂಗಳು ಆ ಓಣಿಯಲ್ಲಿ ಹೆರುವವರು ಯಾರೂ ಇರಲಿಲ್ಲ. ಅಂದರೆ ಯಾರೋ ಬಸಿರನ್ನು ನನ್ನಿಂದ ಮುಚ್ಚಿಟ್ಟಿದ್ದಾರೆ.

ಎತ್ತಿಕೊಂಡು ಯಾರ ಕೂಸೆಂದು ಕೂಗಿ ಕೇಳಿದೆ. ಬಾಗಿಲುಗಳಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದಾಗ ಲಕ್ಕವ್ವನೆಂಬ ಮುದುಕಿ, "ಯಾರದೂ ಅಲ್ರಿ ಬಾಯಾರ. ಯಾರಿಗೂ ಬ್ಯಾಡಾದದ್ದು. ತಿಪ್ಪಿದು" ಎಂದಳು. ಮಾರುಕಟ್ಟೆಯಲ್ಲಿ ಬದನೆಕಾಯಿಯ ಬಗ್ಗೆ ಹೇಳಿದಷ್ಟು ಸಲೀಸಾಗಿ ಹೇಳಿದಳು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೂಸನ್ನು ಉಪಕೇಂದ್ರಕ್ಕೆ ತಂದೆ. ಪಕ್ಕದ ಮನೆಯ ಸಗೀರಾಗೆ ಐದು ತಿಂಗಳ ಮಗನಿದ್ದಾನೆ, ಅವಳು ಇದಕ್ಕೂ ಹಾಲು ಕೊಟ್ಟಳು. ಸಂಜೆ ಅದೇ ಲಕ್ಕವ್ವ ಒಂದು ಮೊರ ಜೋಳ ಹೊತ್ತು ಬಂದು ಹೊಸ್ತಿಲಲ್ಲಿ ನಿಂತು, "ಕೂಸು ಮಾರ್ತೀರೇನ್ರಿ ಬಾಯಾರ?" ಎಂದು ಕೇಳಿದಳು. ಮುಂಜಾನೆ ಬೇಡವಾದದ್ದು ಸಂಜೆಗೆ ವ್ಯಾಪಾರಕ್ಕೆ ಬಂದಿತು. ಕೂಸು ಮಾರುವುದು, ಕೊಳ್ಳುವುದು ಎರಡೂ ಅಪರಾಧ, ನಿನ್ನ ಹೆಸರನ್ನು ಪೊಲೀಸರಿಗೆ ಬರೆಯುತ್ತೇನೆ ಎಂದು ಓಡಿಸಿದೆ. ಬರೆದೂ ಬಿಟ್ಟೆ. ನಮ್ಮ ಡಾಕ್ಟರಿಗೆ ಒಂದು ವರದಿ, ಪೊಲೀಸರಿಗೆ ಒಂದು. ಕೂಸು ಜಿಲ್ಲೆಯ ಅನಾಥಾಲಯಕ್ಕೆ ಹೋಗುತ್ತದೆ.

ನನ್ನನ್ನೂ ತಿಪ್ಪೆಯ ಮೇಲೆ ಇಟ್ಟಿದ್ದರಲ್ಲ ಎಂದು ನೀನು ಚೇಷ್ಟೆ ಮಾಡುತ್ತೀ, ಗೊತ್ತು. ಆದರೆ ಅವ್ವ ಇಟ್ಟದ್ದು ಒಂದು ಗಳಿಗೆ. ತಾನೇ ಇಟ್ಟು ತಾನೇ ಎತ್ತಿಕೊಂಡಳು. ಇಲ್ಲಿ ಇಟ್ಟವರೂ ಕಾಣಲಿಲ್ಲ, ಎತ್ತುವವರೂ ಕಾಣಲಿಲ್ಲ. ತರಬೇತಿಗೆ ಆರಿಸುವಾಗ ಬಿಜಾಪುರದಲ್ಲಿ, ಕುರಿಯವರ ಮಗಳು ಈ ಕೆಲಸಕ್ಕೆ ಏಕೆ ಎಂದು ಕೇಳಿದ್ದರು. ಅಣ್ಣನಾದ ಮೇಲೆ ನನಗಿಂತ ಮುಂಚೆ ಮೂರು ಕೂಸು ಹೋದವು, ಉಳಿಯಲೆಂದು ತಿಪ್ಪೆಯ ಮೇಲಿಟ್ಟು ತಂದ ನಾಲ್ಕನೆಯದು ನಾನು, ಮತ್ತೊಬ್ಬ ತಾಯಿಗೆ ಹಾಗಾಗಬಾರದು ಎಂದಿದ್ದೆ. ಆ ಉತ್ತರದಿಂದಲೇ ಸೀಟು ಸಿಕ್ಕಿತು. ಒಬ್ಬಳು ಮೂರು ಕಳೆದುಕೊಂಡು ಅಳುತ್ತಾಳೆ, ಇನ್ನೊಬ್ಬಳು ಇರುವುದನ್ನು ಎಸೆಯುತ್ತಾಳೆ. ಎಸೆದವಳನ್ನು ನಾನು ಬಿಡುವುದಿಲ್ಲ.

ಅವ್ವನಿಗೆ ಓದಿ ಹೇಳು. ಮೊಣಕಾಲಿಗೆ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೋ, ದೀಪಕ್ಕೆ ಹಾಕಿದಳೋ ಬರೆ.

ತಿಪ್ಪವ್ವ

•

ತಾಂಬಾ, ಇಂಡಿ ತಾಲೂಕು
೨೫ ಜನವರಿ ೧೯೭೫

ನರ್ಸಬಾಯಾರಾದ ತಂಗೆವ್ವನಿಗೆ,

ನಿನ್ನ ಪತ್ರವನ್ನು ಓದಿ ಹೇಳುತ್ತ ಅರ್ಧಕ್ಕೆ ನಿಲ್ಲಿಸಬೇಕಾಯಿತು, ನಗು ತಡೆಯಲಾಗಲಿಲ್ಲ. ಸರಕಾರ ನಿನಗೆ ಇಷ್ಟೆಲ್ಲ ಕಲಿಸಿತು, ನಿನ್ನ ಹೆಸರಿನ ಅರ್ಥ ಮಾತ್ರ ಕಲಿಸಲಿಲ್ಲ.

ಎಲಾ ಹುಚ್ಚಿ, ಅದು ಎಸೆದ ಕೂಸಲ್ಲ. ಆ ಮನೆಯಲ್ಲಿ ಮುಂಚೆ ಹುಟ್ಟಿದವು ಉಳಿದಿರಲಿಕ್ಕಿಲ್ಲ. ಅಂಥವರು ಬಸಿರನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಿನ್ನ ಪುಸ್ತಕದಲ್ಲಂತೂ ಬರೆಸುವುದಿಲ್ಲ. ಹುಟ್ಟಿದ ಮೂರನೆಯ ದಿನ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಟ್ಟು, ಇದು ಯಾರಿಗೂ ಬೇಡವಾದದ್ದು ಎಂದು ಸಾವಿಗೆ ಕೇಳುವ ಹಾಗೆ ಹೇಳುತ್ತಾರೆ. ಇಟ್ಟವರು ಎತ್ತಿಕೊಳ್ಳುವ ಹಾಗಿಲ್ಲ. ಬೇರೆ ಯಾರಾದರೂ ಎತ್ತಬೇಕು. ಸಂಜೆ ಮನೆಯವರು ಒಂದು ಮೊರ ಜೋಳ ಒಯ್ದು ಅವರಿಂದ ಕೂಸನ್ನು ಕೊಳ್ಳಬೇಕು. ಕೊಂಡದ್ದು ಹೆತ್ತದ್ದಲ್ಲ, ಹಾಗಾಗಿ ಸಾವು ಆ ಮನೆಯ ಕೂಸೆಂದು ಹುಡುಕಿಕೊಂಡು ಬರುವುದಿಲ್ಲ. ಎತ್ತಲು ಅವರು ಯಾರಿಗೋ ಹೇಳಿಟ್ಟಿರುತ್ತಾರೆ. ಆತ ಬರುವುದರೊಳಗೆ ಲಸಿಕೆಯ ಡಬ್ಬಿ ಹಿಡಿದು ನೀನು ಬಂದಿ. ಯಾರ ಕೂಸೆಂದು ನೀನು ಕೇಳಿದರೆ ಅವರು ನಮ್ಮದು ಎಂದು ಹೇಗೆ ಹೇಳಿಯಾರು? ಹೇಳಿದರೆ ಮಾಡಿದ್ದೆಲ್ಲ ಕೆಟ್ಟಿತು. ಆ ಮುದುಕಿ ಕಾಯಿದೆ ಪ್ರಕಾರ ನಡೆದುಕೊಂಡಿದ್ದಾಳೆ, ನೀನು ಅವಳ ಮೇಲೆ ಪೊಲೀಸರನ್ನು ಬಿಟ್ಟಿ.

ಕೂಸು ಕೊಡು, ಜೋಳ ತಗೊ, ರೊಟ್ಟಿ ಮಾಡಿಕೊಂಡು ತಿನ್ನು. ಇಷ್ಟೇ ಕೆಲಸ.

ನಿನ್ನನ್ನು ಅವ್ವ ತಾನೇ ಇಟ್ಟು ತಾನೇ ಎತ್ತಿಕೊಂಡಳೆಂದು ನಿನಗೆ ಹೇಳಿದವರು ಯಾರು? ಹಾಗೆ ಮಾಡುವುದಿಲ್ಲ. ಸೂಲಗಿತ್ತಿ ಹಜರಾಬಿಯೇ ಎತ್ತಿ ಕೊಟ್ಟಿರಬೇಕು. ಆಗ ನಾನೂ ಅಪ್ಪನೂ ಕುರಿಯ ಸಂಗಡ ಹೋಗಿದ್ದೆವು, ನಾನು ಕಂಡಿಲ್ಲ. "ಹಜರಾಬಿಗೆ ಎಷ್ಟು ಜೋಳ ಕೊಟ್ಟಿದ್ದೆವ್ವ?" ಎಂದು ಅವ್ವನನ್ನು ಕೇಳಿದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕಿವಿ ಈಚೆಗೆ ಮಂದವಾಗಿದೆ. ಸ್ವಲ್ಪ ಹೊತ್ತಿನ ಮೇಲೆ, "ಆ ಕೂಸಿನ ಬುಡಕ ಏನ್ ಹಾಸಿದ್ರು ಅಂತ ಕೇಳಿ ಬರಿ" ಎಂದಳು. ಅದೇಕೆ ಬೇಕೋ ನನಗೆ ಗೊತ್ತಿಲ್ಲ. ಕೇಳಿದ್ದಾಳೆ, ಬರೆದಿದ್ದೇನೆ.

ಎಣ್ಣೆ ದೀಪಕ್ಕೇ ಹಾಕಿದ್ದಾಳೆ. ದೀಪದ ಮೊಣಕಾಲು ಈಗ ಆರಾಮ.

ಸೋಮನಿಂಗ

•

ಕರಿಹೊಂಡ
೨ ಫೆಬ್ರುವರಿ ೧೯೭೫

ಅಣ್ಣ,

ನಿನಗೆ ನಗು ಬಂದದ್ದು ಸರಿ. ಇಲ್ಲಿ ಯಾರೂ ನಗುತ್ತಿಲ್ಲ.

ನೀನು ಬರೆದದ್ದನ್ನೇ ಊರವರೂ ಹೇಳುತ್ತಾರೆ. ಆದರೆ ಹವಾಲ್ದಾರ ಬಂದು ಹೋದ ಮೇಲೆ ಹೇಳುತ್ತಾರೆ. ತಾಯಿಯ ಹೆಸರು ಶೇವಂತೆವ್ವ, ಲಕ್ಕವ್ವನ ಸೊಸೆ. ಮುಂಚಿನ ಮೂರು ಕೂಸು ತಿಂಗಳೊಳಗೆ ಹೋದವಂತೆ. ಎತ್ತಿಕೊಳ್ಳಲು ಹೇಳಿಟ್ಟದ್ದು ಗೈಬುಸಾಬನಿಗಂತೆ. ಆ ಮುದುಕ ದರ್ಗಾದ ಕಟ್ಟೆ ಕಸಗುಡಿಸುವುದರಲ್ಲಿ ತಡಮಾಡಿದನಂತೆ. ಎಲ್ಲವೂ ಅಂತೆ. ಸಿಕ್ಕಿಬಿದ್ದ ಮೇಲೆ ಹೇಳಲು ಇಷ್ಟು ಅನುಕೂಲದ ಪದ್ಧತಿ ಇನ್ನೊಂದಿಲ್ಲ. ಹುಟ್ಟಿದ್ದು ಹೆಣ್ಣು. ನಿಜವಾಗಿ ಬೇಡವಾಗಿ ಬಿಟ್ಟು, ನಾನು ಕೂಗಿದಾಗ ಈ ಮಾತು ನೆನಪಾಗಿರಬಹುದಲ್ಲ? ಇಟ್ಟದ್ದಕ್ಕೂ ಎಸೆದದ್ದಕ್ಕೂ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ತಿಪ್ಪೆಯ ಮೇಲೆಯೇ.

ನಿನಗೆ ಇದು ಇಷ್ಟೇ ಕೆಲಸ. ನನಗೆ ಹೀಗಿದೆ. ಇಪ್ಪತ್ತನೆಯ ತಾರೀಖಿಗೆ ಅನಾಥಾಲಯದವರು ಬರುತ್ತಾರೆ. ಅದಕ್ಕೆ ಮುಂಚೆ ನಾನು ಇನ್ನೊಂದು ಹೇಳಿಕೆ ಕೊಡಬೇಕು. ಎಸೆದದ್ದೆಂದು ಬರೆದರೆ ಶೇವಂತೆವ್ವ, ಅವಳ ಗಂಡ, ಲಕ್ಕವ್ವ ಮೂವರ ಮೇಲೂ ಕೇಸು, ಕೂಸು ಬಿಜಾಪುರಕ್ಕೆ. ಪದ್ಧತಿಗೆ ಇಟ್ಟದ್ದೆಂದು ಬರೆದರೆ ಕೂಸು ಆ ಮನೆಗೆ. ಬೇಡವಾದ ಮನೆಗೆ ಹೋದ ಹೆಣ್ಣು ಕೂಸು ಎಷ್ಟು ದಿನ ಬದುಕುತ್ತದೆಂಬುದು ನನ್ನ ಪುಸ್ತಕದಲ್ಲಿ ಬೇಕಾದಷ್ಟು ಇದೆ. ಡಾಕ್ಟರು, "ನೀವು ನೋಡಿದ್ದು ನೀವೇ ಬರೀಬೇಕು ಸಿಸ್ಟರ್" ಎಂದು ಕೈತೊಳೆದುಕೊಂಡರು.

ಶೇವಂತೆವ್ವ ದಿನಾ ಬಂದು ಉಪಕೇಂದ್ರದ ಎದುರಿನ ಕಟ್ಟೆಯ ಮೇಲೆ ಕೂಡುತ್ತಾಳೆ. ಕುಬಸ ಹಾಲಿಗೆ ನೆನೆದಿರುತ್ತದೆ. ನಾನು ಒಳಗೆ ಬಿಟ್ಟಿಲ್ಲ. ರೂಢಿಯಾದರೆ ಆಮೇಲೆ ಬಿಡಿಸುವುದು ಕಷ್ಟ. ನೀನು ಇದನ್ನು ಓದಿ ನನ್ನನ್ನು ಕಲ್ಲು ಎನ್ನುತ್ತೀ. ನಿನ್ನೆ ಸಗೀರಾ ಎಂದಳು. ಕೂಸಿನ ತೂಕ ಎರಡು ಕಿಲೋ ಎರಡು ನೂರಕ್ಕೆ ಇಳಿದಿದೆ. ಮೇಲಿನ ಓಣಿಯಲ್ಲಿ ಒಬ್ಬಳು ಮೊನ್ನೆ ಹೆತ್ತಳು, ನನ್ನನ್ನು ಕರೆಯಲಿಲ್ಲ. ಎಂಟು ತಿಂಗಳು ಮನೆಮನೆ ತಿರುಗಿ ಮಾಡಿದ ಕೆಲಸ ಒಂದು ವಾರದಲ್ಲಿ ಹೋಯಿತು.

ಅಪ್ಪ ಇದ್ದಿದ್ದರೆ ಕೇಳಬಹುದಿತ್ತು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಹೊಂದಿಸುತ್ತಿದ್ದುದು ನೆನಪಿದೆಯೇ? ಸತ್ತ ಮರಿಯ ಚರ್ಮವನ್ನು ಇದಕ್ಕೆ ಹೊದಿಸಿ, ಕುರಿ ಮೂಸಿ ಒಪ್ಪಿ ಹಾಲು ಬಿಡುವವರೆಗೆ ಉಸಿರು ಬಿಗಿಹಿಡಿದು ಕೂಡುವುದು. ನನಗೆ ಏಳು ವರ್ಷವಿದ್ದಾಗಿನಿಂದ ಆ ಕೆಲಸಕ್ಕೆ ಅಪ್ಪ ನನ್ನನ್ನೇ ಕರೆಯುತ್ತಿದ್ದ. "ತಿಪ್ಪೀನ್ನ ಕರೀರಿ, ಅಕಿ ಕೈಗೆ ಆದ್ರ ಕುರಿ ಒಪ್ಪತೈತಿ" ಎನ್ನುತ್ತಿದ್ದ. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ನನಗೆ ಈ ಕೆಲಸದ ಹುಚ್ಚು ಹತ್ತಿದ್ದು ಅಲ್ಲಿಯೇ. ಕುರಿ ಯಾವುದಕ್ಕೆ ಒಪ್ಪಿತು, ಯಾವುದಕ್ಕೆ ಒದೆಯಿತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಶೇವಂತೆವ್ವನ ಮುಖ ನೋಡಿದರೆ ನನಗೆ ಏನೂ ಗೊತ್ತಾಗುತ್ತಿಲ್ಲ.

ಬುಡಕ್ಕೆ ಏನಿತ್ತು ಎಂದು ಅವ್ವ ಕೇಳಿದ್ದಕ್ಕೆ ಉತ್ತರ: ಮೊರ. ಮೊದಲೇ ಬರೆದಿದ್ದೆ. ಮತ್ತೇನಾದರೂ ನೋಡಬೇಕಿತ್ತೇ?

ತಿಪ್ಪವ್ವ

•

ತಾಂಬಾ
೯ ಫೆಬ್ರುವರಿ ೧೯೭೫

ತಂಗೆವ್ವಾ,

ಇದನ್ನು ಲಕೋಟೆಯಲ್ಲಿ ಹಾಕಿ, ಸಿಂದಗಿಗೆ ಹೊರಟ ಬಸ್ಸಿನವರ ಕೈಯಲ್ಲಿ ಕೊಟ್ಟು ಅಲ್ಲಿಯ ಅಂಚೆಗೆ ಹಾಕಿಸುತ್ತಿದ್ದೇನೆ. ನಮ್ಮೂರ ಅಂಚೆಗೆ ಅವಸರವೆಂಬುದು ಗೊತ್ತಿಲ್ಲ.

ನಕ್ಕದ್ದು ನನ್ನ ತಪ್ಪು. ಕಟ್ಟೆಯ ಮೇಲೆ ಕೂತವಳ ಬಗ್ಗೆ ಓದಿದಾಗ ಅವ್ವ ಜೋಳ ಹಸನು ಮಾಡುವುದನ್ನು ಬಿಟ್ಟು ಎದ್ದು ಹೊರಗೆ ಹೋದಳು. ಒಳಗೆ ಬಂದು, "ಬರಕೊ, ನಾ ಹೇಳಿದಂಗ ಬರಿ, ನಿನ್ನ ಪುಸ್ತಕದ ಮಾತು ಸೇರಸಬ್ಯಾಡ" ಎಂದಳು. ಹೇಳಿದಂತೆಯೇ ಬರೆದಿದ್ದೇನೆ:

"ತಿಪ್ಪೀ, ನೋಡಿದ್ರ ಗೊತ್ತಾಗಂಗಿಲ್ಲ ಅಂದೀದಿ. ಗೊತ್ತಾಗತೈತಿ. ಉಳೀಲಿ ಅಂತ ಇಟ್ಟ ಕೂಸಿನ ಬುಡಕ ಮೊರ ಇರತೈತಿ, ಮೊರದಾಗ ಅಜ್ಜಿ ಹಳೇ ಸೀರಿ ನಾಕ್ ಮಡಿಕಿ ಹಾಸಿರತಾರ. ಹೊಕ್ಕಳಾ ದಾರದಿಂದ ಬಿಗದು ಕಟ್ಟಿರತಾರ. ಗಲ್ಲಕ್ಕ ಕಾಡಿಗಿ ಬೊಟ್ಟು ಇರತೈತಿ. ಹೊಟ್ಟಿ ತುಂಬ ಹಾಲ ಕುಡಿಸಿನ ಇಡತಾರ, ಬಾಯಿ ಮುಂದ ಹಾಲಿನ ಕಲಿ ನೋಡು. ಮಾರಿ ಓಣಿ ಕಡೆ ಇರತೈತಿ, ಬರಾವ್ರಿಗೆ ಕಾಣಲಿ ಅಂತ. ಗ್ವಾಡಿ ಹಿಂದ ಒಬ್ಬಾಕಿ ನಾಯಿ ಕಾಯಾಕ ನಿಂತಿರತಾಳ.

"ಇನ್ನೊಂದರ ಬುಡಕ ಏನೂ ಇರಂಗಿಲ್ಲ. ಕಸಾನ. ಮೈಮ್ಯಾಲಿನ ಬಿಳೇದು ಹಂಗ ಒಣಗಿರತೈತಿ, ತೊಳದಿರಂಗಿಲ್ಲ. ಹೊಕ್ಕಳಾ ಕಟ್ಟಿರಂಗಿಲ್ಲ, ಗೇಣುದ್ದ ಜೋತಾಡತಿರತೈತಿ, ಇರುವಿ ಹತ್ತಿರತಾವ. ಮಾರಿ ಆ ಕಡೆ ತಿರುವಿರತಾರ. ಇಡೋ ಕೈಗೆ ಅದರ ಮಾರಿ ನೋಡೂದು ಆಗಂಗಿಲ್ಲ. ಅದು ಅಳತಿರಂಗಿಲ್ಲ, ಅತ್ತು ಅತ್ತು ಸಾಕಾಗಿ ಸುಮ್ಮ ಆಗಿರತೈತಿ. ಎತ್ತಿಕೊಂಡ್ರ ಬಾಯಿ ಎದಿ ಹುಡಕಂಗಿಲ್ಲ, ಮೊದಲ ಸಲಾ ಕೊಟ್ರೂ ತಗೊಳ್ಳಂಗಿಲ್ಲ. ಬೆರಳಿನಿಂದ ಹಾಲ ಹಿಂಡಿ ತುಟಿಗೆ ಹಚ್ಚಬೇಕು. ನಿನ್ನ ಕೈಗೆ ಬಂದದ್ದು ಯಾವುದು, ನೀನ ಹೇಳು."

ಇಷ್ಟನ್ನು ಒಂದೇ ಸಮನೆ ಹೇಳಿದಳು. ಹಜರಾಬಿಯ ಸಂಗಡ ಇಷ್ಟು ವರ್ಷ ಕುಳಿತು ಮಾತಾಡಿದ್ದಾಳಲ್ಲ, ಆಕೆ ಕಂಡದ್ದೆಲ್ಲ ಇವಳಿಗೆ ಬಾಯಿಪಾಠ. ಉಪಯೋಗವಾದರೆ ನೋಡು.

ಹೇಳಿ ಮುಗಿಸಿ ಮತ್ತೆ ಜೋಳಕ್ಕೆ ಕೂಡಲಿಲ್ಲ, ಮಲಗಿದಳು. ಮೊಣಕಾಲಿನ ನೋವು ಹೆಚ್ಚಾಗಿರಬೇಕು.

ಸೋಮನಿಂಗ

•

ಕರಿಹೊಂಡ
೧೫ ಫೆಬ್ರುವರಿ ೧೯೭೫

ಅಣ್ಣ,

ಮೊದಲು ಕೆಲಸದ ಮಾತು. ಅವ್ವ ಹೇಳಿದ ಗುರುತುಗಳನ್ನೆಲ್ಲ ತಾಳೆ ನೋಡಿದೆ. ಮೊರ, ಅದರಲ್ಲಿ ನಾಲ್ಕು ಮಡಿಕೆಯ ಹಳೆಯ ಸೀರೆ. ಹೊಕ್ಕುಳ ಕರಿದಾರದಲ್ಲಿ ಬಿಗಿದು ಕಟ್ಟಿತ್ತು. ಕೊಳೆ ದಾರವೆಂದು ಬೈದು ಕತ್ತರಿಸಿ ಬೇರೆ ಕಟ್ಟಿದವಳು ನಾನೇ. ಗಲ್ಲದ ಮೇಲೆ ಕಾಡಿಗೆಯ ಬೊಟ್ಟಿತ್ತು. ಸ್ಪಿರಿಟ್ಟಿನ ಅರಳೆಯಿಂದ ಒರೆಸಿ ಹಾಕಿದವಳೂ ನಾನೇ. ಮುಖ ಓಣಿಯ ಕಡೆಗಿತ್ತು, ಅದಕ್ಕೇ ನನಗೆ ದೂರದಿಂದ ಕಂಡಿತು. ಎಲ್ಲ ಗುರುತೂ ನನ್ನ ಕಣ್ಣೆದುರೇ ಇದ್ದವು. ನನಗೆ ಕಂಡದ್ದು ಕೊಳೆ ಮಾತ್ರ.

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂದಿತು. ಓದಿದವಳೇ ಹೊರಗೆ ಹೋಗಿ ಶೇವಂತೆವ್ವನನ್ನು ಒಳಗೆ ಕರೆದೆ. ಅವಳು ಕೂಸನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ತಿಂಗಳೊಪ್ಪತ್ತು ಅವಳನ್ನು ಕಟ್ಟೆಯ ಮೇಲೆ ಕೂಡಿಸಿದೆ. ನನಗೆ ನಾಚಿಕೆಯಾಗಿದೆ, ಅದನ್ನು ಬೇರೆ ಮಾತಿನಲ್ಲಿ ಮುಚ್ಚಿ ಬರೆಯುವುದಿಲ್ಲ. ಹೇಳಿಕೆಯನ್ನು ಸೋಮವಾರ ಬರೆದು ಕೊಡುತ್ತೇನೆ.

ಇನ್ನು ಎರಡನೆಯದು. ಇದನ್ನು ಅವ್ವ ಒಬ್ಬಳೇ ಇರುವಾಗ ಓದು.

ಅವ್ವ, ನೀನು ಎರಡು ಕೂಸುಗಳ ಗುರುತು ಹೇಳಿದ್ದೀ. ಒಂದನ್ನು ನಾನು ಇಲ್ಲಿ ನೋಡಿದೆ. ಇನ್ನೊಂದನ್ನು ನೀನು ಎಲ್ಲಿ ನೋಡಿದಿ?

ಅಣ್ಣ ಹಜರಾಬಿಯ ಮಾತು ಎನ್ನುತ್ತಾನೆ. ಹಜರಾಬಿ ಹೆರಿಗೆಗಳ ಕತೆಯನ್ನೆಲ್ಲ ನನಗೂ ಹೇಳಿದ್ದಾಳೆ, ಇಂಥದ್ದನ್ನು ಒಂದು ಸಲವೂ ಹೇಳಿಲ್ಲ. ಕೇಳಿದ ಮಾತನ್ನು ಹೇಳುವಾಗ ಜನ ಕೂಸಿನ ಬಗ್ಗೆ ಹೇಳುತ್ತಾರೆ. ಮೊದಲ ಸಲ ಎದೆಗೆ ಹಚ್ಚಿದರೆ ತಗೊಳ್ಳುವುದಿಲ್ಲ, ಬೆರಳಿನಿಂದ ಹಿಂಡಬೇಕು ಎಂಬುದು ಕೇಳಿದವಳ ಮಾತಲ್ಲ, ಕುಡಿಸಿದವಳ ಮಾತು.

ನನ್ನನ್ನು ಯಾರು ಎತ್ತಿಕೊಟ್ಟರು, ಎಷ್ಟು ಜೋಳಕ್ಕೆ ಕೊಂಡಿ ಎಂದು ಅಣ್ಣ ಕೇಳಿದಾಗ ನೀನು ಮಾತಾಡಲಿಲ್ಲ. ನಿನ್ನ ಕಿವಿ ನೆಟ್ಟಗಿದೆ ಎಂದು ನನಗೆ ಗೊತ್ತು.

ತಿಪ್ಪವ್ವ

•

ತಾಂಬಾ
೨೨ ಫೆಬ್ರುವರಿ ೧೯೭೫

ತಿಪ್ಪವ್ವ,

ನೀನು ಹೇಳಿದಂತೆ ಅವ್ವ ಒಬ್ಬಳೇ ಇರುವಾಗ ಓದಿದೆ. ಎರಡು ದಿನ ಊಟಕ್ಕೆ ಕರೆದರೆ ಬರುವುದು, ಹೋಗುವುದು ಅಷ್ಟೇ. ನಿನ್ನೆ ನಾನು ಸಾಲೆಯಿಂದ ಬಂದಾಗ ಅಂಗಳದಲ್ಲಿ ಹಾಳೆ, ದೌತಿ ತಾನೇ ತೆಗೆದಿಟ್ಟು ಕಾಯುತ್ತಿದ್ದಳು.

"ಅವತ್ತ ಎಳ್ಳಮಾಸಿ ಮರುದಿನ. ನಿಮ್ಮಪ್ಪ, ಸೋಮ್ಯಾ ಕುರಿ ಹೊಡಕೊಂಡು ಡೋಣಿ ಹೊಳಿ ದಂಡಿಗೆ ಹೋಗಿದ್ರು. ಊರ ಹೊರಗಿನ ಹಟ್ಟ್ಯಾಗ ನಾ ಒಬ್ಬಾಕಿನ. ಎಳ್ಳಮಾಸಿ ದಿನಾ ಸಂಜಿಮುಂದ ಹಡದ್ನಿ. ಹೆಣ್ಣು. ಉಸರ ಇರಲಿಲ್ಲ. ಹಜರಾಬಿ ಬೆನ್ನ ತಟ್ಟಿದ್ಳು, ಬಾಯಾಗ ಊದಿದ್ಳು, ಆಗಲಿಲ್ಲ. ಮುಂಜಾನಿ ಬರತೇನಿ, ಇಬ್ಬರೂ ಕೂಡಿ ಮಣ್ಣು ಮಾಡೋಣು ಅಂತ ಹೋದ್ಳು. ನಾ ಅಕೀ ಹಾದಿ ಕಾಯಲಿಲ್ಲ. ಬೆಳಕ ಹರದ ಕೂಡ್ಲೆ ಮೊರದಾಗ ಹಾಕ್ಕೊಂಡು ತಿಪ್ಪಿ ಆಚಿ ಬೇವಿನಗಿಡದ ಬುಡಕ ಹೋದ್ನಿ. ಕುಣಿ ನಾನ ತೋಡಿದ್ನಿ.

"ತಿರಗಿ ಬರೂಮುಂದ ತಿಪ್ಪಿ ಮ್ಯಾಲ ನಾಯಿ ನಿಂತಿತ್ತು. ಕಲ್ಲ ಒಗದು ಹೊಡದ್ನಿ. ಆಮ್ಯಾಲ ನೋಡಿದ್ನಿ. ಹೆಂಗಿತ್ತು ಅಂತ ಮೊದಲ ಹೇಳೇನಿ, ಎರಡ ಸಲಾ ಹೇಳಸಬ್ಯಾಡ. ಖಾಲಿ ಮೊರ ಕೈಯಾಗಿತ್ತು."

ಇಲ್ಲಿಗೆ ನಾನು ಬರೆಯುವುದನ್ನು ನಿಲ್ಲಿಸಿದೆ. ಅವ್ವ "ಬರಿ" ಎಂದಳು.

"ಹಜರಾಬಿ ಬಂದ್ಳು. ಎದಿಗೆ ಹಚ್ಚಿಕೊಂಡು ಕುಂತಿದ್ನಿ. ಏನೂ ಕೇಳಲಿಲ್ಲ ಅಕಿ. ಹೊಕ್ಕಳಾ ಕಟ್ಟಿದ್ಳು, ನೀರ ಕಾಸಿ ಎರದ್ಳು. ಊರಾಗ ಹೋಗಿ ನನ್ನ ಹೆಸರ ಹೇಳಿ, ಹುಚ್ಚವ್ವ ಹಡದಾಳ, ಉಳೀಲಿ ಅಂತ ತಿಪ್ಪಿಗೆ ಇಟ್ಟು ತಗೊಂಡೀವಿ ಅಂದ್ಳು. ಎಲ್ಲಾರೂ ಚಲೋ ಆತು ಅಂದ್ರು. ತಿಪ್ಪಿಯಿಂದ ಬಂತು ಅಂತ ಕರೇನ ಹೇಳಿದ್ವಿ, ಸುಳ್ಳ ಹೇಳಲಿಲ್ಲ. ನಿಮ್ಮಪ್ಪ ಶಿವರಾತ್ರಿಗೆ ಬಂದ. ಕೂಸಿನ ನೆತ್ತಿ ಮೂಸಿ ನೋಡಿ ನನ್ನ ಕಡೆ ನೋಡಿದ. ಹಾಲ ಕುಡೀತೈತಲ್ಲ ಅಂದ. ಹೂಂ ಅಂದ್ನಿ. ಸಾಯೂ ಮಟಾ ಮತ್ತ ಆ ಮಾತ ತಗೀಲಿಲ್ಲ.

"ಎಷ್ಟ ಜೋಳಾ ಅಂತ ಕೇಳೀದಿ. ಮಾರೂವಾಕಿ ಇರಲಿಲ್ಲ, ಯಾರಿಗೆ ಕೊಡ್ಲಿ? ಪುಕ್ಕಟ ತರೂದು ಮನಸಿಗೆ ಬರಲಿಲ್ಲ. ಅದಕ್ಕ ವರ್ಷಾ ಎಳ್ಳಮಾಸಿ ಮರುದಿನಾ ಒಂದು ಮೊರ ಜೋಳಾ ತಿಪ್ಪಿ ಅಂಚಿಗೆ ಇಟ್ಟು ಬರತಿದ್ನಿ. ಹೊಲಕ್ಕ ಚೆಲ್ಲಿದ ಚರಗಾ ಉಳದದ್ದೇನವ್ವ ಅಂತ ನೀ ಕೇಳತಿದ್ದಿ, ಹೂಂ ಅಂತಿದ್ನಿ. ಸಂಜಿಕ ಮೊರ ಖಾಲಿ ಇರತಿತ್ತು. ಗುಬ್ಬಿ ತಿಂತಾವ ಅಂತ ತಿಳದಿದ್ನಿ. ನಿನಗ ಏಳ ವರ್ಷ ಆದಾಗ ಮೊರದ ಅಂಚು ಹರದಿತ್ತು, ಹಂಗ ಇಟ್ಟು ಬಂದಿದ್ನಿ. ಸಂಜಿಕ ಹೋಗಿ ನೋಡತೇನಿ, ಹರದಲ್ಲಿ ಮುಚ್ಚಲಿ ಅಂತ ಮೆಂತೆ ಅರದು ಬಳದಿತ್ತು. ಇನ್ನಾ ಹಸಿ ಇತ್ತು. ಗುಬ್ಬಿ ಮೆಂತೆ ಬಳ್ಯಾಂಗಿಲ್ಲ.

"ಯಾರಂತ ನಿಂತು ನೋಡಲಿಲ್ಲ. ನೋಡಿದ್ರ ಅಕಿ ಬರತಿರಲಿಲ್ಲ. ಹೋದ ವರ್ಷಾ, ಈ ವರ್ಷಾ ಜೋಳಾ ಗುಬ್ಬೀನ ತಿಂದು ಅರ್ಧಾ ಉಳದಿತ್ತು. ಇಷ್ಟ. ಇನ್ನ ನಿನಗ ಬಿಟ್ಟದ್ದು."

ಅವ್ವನ ಮಾತು ಮುಗಿಯಿತು. ಇನ್ನು ನನ್ನದು.

ಇದು ನನಗೆ ಗೊತ್ತಿರಲಿಲ್ಲ. ನಿನಗೆ ಬರೆಯುತ್ತ ಬರೆಯುತ್ತಲೇ ನನಗೂ ಗೊತ್ತಾಯಿತು. ಅವಳ ಕಿವಿ ಮಂದ ಎಂದೆ, ಮೊಣಕಾಲು ಎಂದೆ, ಹಜರಾಬಿಯ ಮಾತು ಎಂದೆ. ದಿನಾ ಎದುರಿಗೆ ಕೂತು ಉಣ್ಣುವ ನನಗೆ ಒಂದೂ ತಿಳಿಯಲಿಲ್ಲ, ನೂರು ಮೈಲಿ ದೂರದ ನಿನಗೆ ತಿಳಿಯಿತು. ಚೇಷ್ಟೆಗೆ ಎಷ್ಟು ಸಲ ನಿನ್ನನ್ನು ತಿಪ್ಪೆಯಲ್ಲಿ ಸಿಕ್ಕವಳೇ ಎಂದು ಕರೆದಿದ್ದೇನೋ ಲೆಕ್ಕವಿಲ್ಲ. ನೀನು ಉತ್ತರ ಬರೆಯದೆ ಸುಮ್ಮನಾದೀ ಎಂದು ನನಗೆ ಹೆದರಿಕೆಯಾಗಿದೆ. ಬೈದಾದರೂ ಬರೆ.

ನಿನ್ನ ಅಣ್ಣ
ಸೋಮನಿಂಗ

•

ಕರಿಹೊಂಡ
೫ ಮಾರ್ಚ್ ೧೯೭೫

ಅವ್ವನಿಗೆ,

ಅಣ್ಣ ಇದನ್ನು ಗಟ್ಟಿಯಾಗಿ ಓದಲಿ. ಅವನಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಬೈಯಲು ಏನೂ ಇಲ್ಲ.

ಹೇಳಿಕೆ ಕೊಟ್ಟಾಗಿದೆ. ಮೊದಲಿನ ವರದಿ ತಪ್ಪು, ಕೂಸನ್ನು ಊರ ಪದ್ಧತಿಗೆ ಇಟ್ಟದ್ದು, ಎಸೆದದ್ದಲ್ಲ, ತಪ್ಪು ತಿಳಿದವಳು ನಾನು ಎಂದು ಬರೆದೆ. ಹೇಗೆ ಗೊತ್ತಾಯಿತೆಂದು ಡಾಕ್ಟರು ಕೇಳಿದರು. ನೀನು ಹೇಳಿದ ಗುರುತುಗಳನ್ನು ಒಂದೊಂದಾಗಿ ಬರೆದುಕೊಟ್ಟೆ. ಇನ್ನೊಂದರ ಗುರುತು ಬರೆಯಲಿಲ್ಲ. ಅದು ಸರಕಾರಕ್ಕೆ ಬೇಕಾಗಿಲ್ಲ. ಅನಾಥಾಲಯದವರು ಬರಲಿಲ್ಲ. ಅವಸರದ ವರದಿಗೆ ಕಾರಣ ಕೇಳಿ ನನಗೆ ನೋಟೀಸು ಬಂದಿದೆ, ಉತ್ತರ ಕೊಡುತ್ತೇನೆ.

ಕೂಸು ಹಾಗೆಯೇ ಮನೆಗೆ ಹೋಗುವಂತಿರಲಿಲ್ಲ. ಗೈಬುಸಾಬ ಕೇಂದ್ರದ ಕಟ್ಟೆಯ ಮೇಲೆ ಕುಳಿತು, "ನಾ ಎತ್ತಿಲ್ರಿ, ಎತ್ತಿದಾವ್ರು ಬಾಯಾರು, ಮಾರಾವ್ರೂ ಅವರ ಆಗಬೇಕು" ಎಂದು ತೀರ್ಪು ಕೊಟ್ಟ. ಲಕ್ಕವ್ವ ಅದೇ ಮೊರದಲ್ಲಿ ಜೋಳ ತಂದಳು. ಈ ಸಲ ಹೊಸ್ತಿಲಲ್ಲಿ ನಿಲ್ಲಿಸಲಿಲ್ಲ. ಏನು ಹೇಳಬೇಕೆಂದು ಅವಳೇ ಕಲಿಸಿಕೊಟ್ಟಳು. "ತಿಪ್ಪ್ಯಾಗ ಸಿಕ್ಕದ್ದು, ನಿನಗ ಮಾರೇನಿ" ಎಂದು ನಾನು ಹೇಳಬೇಕು. "ಕೊಂಡೇನಿ, ಇನ್ನ ನಂದು" ಎಂದು ತಾಯಿ ಹೇಳಬೇಕು. ನಾನು ಹೇಳಿದೆ. ಶೇವಂತೆವ್ವ ಎರಡು ಸಲ ಹೇಳಿದಳು, ಎರಡನೆಯ ಸಲ ಜೋರಾಗಿ. ನನ್ನ ಮೇಲಿನ ಸಿಟ್ಟು ಅವಳಿಗೆ ಇಳಿದಿಲ್ಲ. ಇಳಿಯಬೇಕಾದದ್ದೂ ಇಲ್ಲ.

ಕೂಸಿಗೆ ಏನು ಹೆಸರು ಎಂದು ಕೇಳಿದೆ. ತಿಪ್ಪವ್ವ ಎಂದರು. ಬಾಯಾರ ಹೆಸರು ಏನೆಂದು ಲಕ್ಕವ್ವ ಕೇಳಿದಳು. ಒಂಬತ್ತು ತಿಂಗಳಾಗುತ್ತ ಬಂದರೂ ಈ ಊರಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. ಓಣಿಯವರೆಲ್ಲ ನಕ್ಕರು. ಕೂಸಿನ ಈಗಿನ ತೂಕ ಮೂರು ಕಿಲೋ ಹತ್ತಿರವಿದೆ. ನಿನ್ನೆ ಮೇಲಿನ ಓಣಿಯಿಂದ ಹೆರಿಗೆಗೆ ಕರೆ ಬಂದಿತ್ತು.

ನಿನ್ನ ಮಾತು ಓದಿ ನಾನು ಅಳಲಿಲ್ಲ ಎಂದು ಬರೆದರೆ ಅಣ್ಣ ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಬಿಜಾಪುರದಲ್ಲಿ ಹೇಳಿದ ಉತ್ತರ ಸುಳ್ಳಾಯಿತೇ ಎಂದು ನಾಲ್ಕು ದಿನ ಯೋಚಿಸಿದೆ. ಆ ಉತ್ತರದ ಮೇಲೆ ಸೀಟು ಸಿಕ್ಕಿತು, ಕೆಲಸ ಸಿಕ್ಕಿತು, ನಾನು ಯಾರೆಂದು ನಾನು ತಿಳಿದುಕೊಂಡದ್ದೂ ಅದರ ಮೇಲೆಯೇ. ಸುಳ್ಳಲ್ಲ. ಎಣಿಕೆ ಮಾತ್ರ ತಪ್ಪಿತ್ತು. ನನಗಿಂತ ಮುಂಚೆ ಹೋದದ್ದು ಮೂರಲ್ಲ, ನಾಲ್ಕು. ಆ ನಾಲ್ಕನೆಯದರ ಹಾಲು ನಾನು ಕುಡಿದೆ. ಅಪ್ಪ ತಬ್ಬಲಿ ಮರಿಗಳನ್ನು ನನ್ನ ಕೈಗೇ ಏಕೆ ಕೊಡುತ್ತಿದ್ದನೆಂದು ಈಗ ಗೊತ್ತಾಯಿತು.

ಮೆಂತೆ ಬಳಿದವಳನ್ನು ನಾನು ಹುಡುಕುವುದಿಲ್ಲ. ಎಸೆದವಳನ್ನು ಬಿಡುವುದಿಲ್ಲ ಎಂದು ಜನವರಿಯಲ್ಲಿ ಬರೆದಿದ್ದೆ. ಆ ಸಾಲನ್ನು ಅಣ್ಣ ಹೊಡೆದು ಹಾಕಲಿ.

ಎಂಟು ದಿನದ ರಜೆ ಕೇಳಿದ್ದೇನೆ, ಈ ಸಲ ನಿಜವಾಗಿ. ಬರುವ ಶನಿವಾರ ಮುಂಜಾನೆಯ ಬಸ್ಸಿಗೆ ಹೊರಟು, ಬಾಗೇವಾಡಿಯಲ್ಲೊಮ್ಮೆ ಸಿಂದಗಿಯಲ್ಲೊಮ್ಮೆ ಬದಲಿಸಿ, ಇಳಿಹೊತ್ತಿಗೆ ತಾಂಬಾ ಮುಟ್ಟುತ್ತೇನೆ. ಮೊದಲು ಬೇವಿನ ಗಿಡದ ಬುಡ ತೋರಿಸು. ಆಮೇಲೆ ಒಂದು ಕೆಲಸ ಉಳಿದಿದೆ. ಇಪ್ಪತ್ತಾರು ವರ್ಷ ನೀನು ಜೋಳ ಇಟ್ಟಿ, ಆದರೆ ಕೊಂಡೇನಿ ಎನ್ನುವ ಮಾತನ್ನು ಯಾರ ಮುಂದೆಯೂ ಹೇಳಲಿಲ್ಲ, ಮಾರುವವರು ಇರಲಿಲ್ಲವಲ್ಲ. ಒಂದು ಮೊರ ಜೋಳ ಹಸನು ಮಾಡಿ ಇಡು. ಅಣ್ಣ ಸಾಕ್ಷಿಗೆ ಕೂಡಲಿ.

ಮಾರುವವಳು ಬರುತ್ತಿದ್ದೇನೆ.

ತಿಪ್ಪವ್ವ